ಎರಡನೇ ಮೈಕಿನ ಟೀಚರ್

ಕಳೆದ ವಾರ ಮಗನ ಕೆಮ್ಮಿಗೆ ಏನಾದರೂ ಸಿಕ್ಕೀತೇ ಎಂದು ದೋಹಾದ ಹೊರವಲಯದ ಬರ್ವಾ ಅಲ್ ಬರಾಹಾದ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯ ಮಲಯಾಳಿ ಕಾಕ ಡಬ್ಬದ ಮುಚ್ಚಳ ತೆಗೆದು, ಜೇಷ್ಠಮಧುವಿನ ಒಂದು ಕಡ್ಡಿ ಮುರಿದು ನನ್ನ ಮೂಗಿನ ಹತ್ತಿರ ಹಿಡಿದರು. ಅಷ್ಟೇ. ಏನು ಕೊಳ್ಳಲು ಬಂದೆ ಎನ್ನುವುದೇ ಒಂದು ಕ್ಷಣ ಮರೆತುಹೋಯಿತು. ಹೊರಗೆ ಬಂದು ಕಾರಿನ ಏಸಿ ಹಾಕಿ ಸುಮ್ಮನೆ ಕೂತೆ...

ನಾನು ದೋಹಾದ ಒಂದು ಸ್ಪೋರ್ಟ್ಸ್ ಚಾನೆಲಿನಲ್ಲಿ ಆಡಿಯೋ ಆಪರೇಟರ್. ಕಾಮೆಂಟರಿ ಹೇಳುವವರ ಸ್ವರ ಏರಿಸುವುದು, ಇಳಿಸುವುದು, ಕೆಮ್ಮಿದರೆ ಮುಚ್ಚುವುದು ನನ್ನ ಕೆಲಸ. ಅವರ ಮೈಕಿನ ತುದಿಗೆ ಹಾಕುವ ಕಪ್ಪು ಸ್ಪಂಜನ್ನು ತೊಳೆದು ಒಣಗಿಸುವುದೂ ನನ್ನ ಪಾಲಿಗೇ ಬಂದದ್ದು. ಒಬ್ಬೊಬ್ಬರ ಸ್ಪಂಜಿಗೆ ಒಂದೊಂದು ವಾಸನೆ. ಫುಟ್‌ಬಾಲಿನವರದ್ದು ಸಿಗರೇಟು, ಟೆನಿಸಿನವರದ್ದು ಪುದೀನಾ, ಕುದುರೆ ರೇಸಿನವರದ್ದನ್ನು ಹೇಳದಿರುವುದೇ ವಾಸಿ. ಬೇಸ್‌ಬಾಲಿನ ಎರಡನೇ ಮೈಕಿನದ್ದು ಮಾತ್ರ ಜೇಷ್ಠಮಧು. ಅದು ಟೀಚರ ಮೈಕು. ಗಂಟಲಿಗೆ ಒಳ್ಳೆಯದೆಂದು ಅವರು ಸದಾ ಅದರ ಕಡ್ಡಿ ಅಗಿಯುತ್ತಿದ್ದರು.

ಟೀಚರ್ ಸುರತ್ಕಲ್ ಕಡೆಯವರು. ಇಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ಪಿ.ಟಿ. ಕಲಿಸುತ್ತಿದ್ದರು. ಗಂಡನಿಗೆ ದುಖಾನಿನ ಎಣ್ಣೆ ಬಾವಿಗಳ ಕಡೆ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುವುದು. ಕಾಲೇಜಿನಲ್ಲಿದ್ದಾಗ ಟೀಚರ್ ಯೂನಿವರ್ಸಿಟಿ ಟೀಮಿಗೆ ಬೇಸ್‌ಬಾಲಿನ ತಂಗಿಯಂಥ ಆಟವಾದ ಸಾಫ್ಟ್‌ಬಾಲ್ ಆಡಿದ್ದರು. ನಮ್ಮ ಕಡೆ ಹುಡುಗಿಯರು ಸಾಫ್ಟ್‌ಬಾಲ್ ಆಡುವುದು ಸರ್ಟಿಫಿಕೇಟಿಗೆ. ಆಮೇಲೆ ಮದುವೆ, ಖಲಾಸ್. ಇವರು ಮಾತ್ರ ಬಿಡಲಿಲ್ಲ. ಶಾಲೆಯ ಸುಡುವ ಅಂಗಳದಲ್ಲಿ ಹುಡುಗಿಯರ ಕೈಗೆ ದೊಡ್ಡ ದೊಡ್ಡ ಗ್ಲೌಸ್ ಹಾಕಿಸಿ ಚೆಂಡು ಹಿಡಿಯಲು ಕಲಿಸುತ್ತಿದ್ದರು. ನಮ್ಮ ಪ್ರೊಡ್ಯೂಸರನ ಮಗಳೂ ಆ ಹುಡುಗಿಯರಲ್ಲಿ ಒಬ್ಬಳು. ಅದೇ ವರ್ಷ ನಮ್ಮ ಚಾನೆಲ್ ದೂರದ ಪೂರ್ವದ ದೇಶವೊಂದರ ಬೇಸ್‌ಬಾಲ್ ಲೀಗನ್ನು ತೋರಿಸಲು ಹೊರಟಿತ್ತು. ಅಲ್ಲಿ ಸಂಜೆ ಆಡುವ ಆಟ ನಮಗೆ ಮಧ್ಯಾಹ್ನ. ನೋಡುವವರೆಲ್ಲ ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿಲ್ಲದ ನಮ್ಮಂಥವರೇ. ಅವರಿಗೆ ಈ ಆಟವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವ ಒಬ್ಬರು ಬೇಕಾಗಿದ್ದರು.

ಟ್ರಯಲ್ ದಿನ ಟೀಚರ್ ಮೈಕಿನ ಮುಂದೆ ಕೂತು, ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ, "ಅಯ್ಯೋ ದೇವ್ರೇ, ಇನ್ನು ಎಂತ ಮಾಡುದು" ಎಂದು ಗೊಣಗಿಕೊಂಡರು. ನಾನು ಗಾಜಿನ ಆಚೆಯಿಂದ ಅವರ ಹೆಡ್‌ಫೋನಿಗೆ ಹೇಳಿದೆ.

"ಎಂತ ಮಾಡುದು ಬೇಡ ಟೀಚರ್. ಮೈಕಿಗೆ ಸ್ವಲ್ಪ ಹತ್ರ ಬನ್ನಿ, ಸಾಕು."

ಅವರು ಬೆಚ್ಚಿಬಿದ್ದು ಮೇಲೆ ಕೆಳಗೆ ನೋಡಿದರು. "ಯಾರದು? ಊರಿನವರಾ?" ಎಂದರು. ಪುತ್ತೂರು ಎಂದೆ. "ಪುತ್ತೂರಲ್ಲಿ ಎಲ್ಲಿ?" ಎಂದರು. ನಾನು ಬ್ಯಾರಿ, ಅವರು ತುಳುವಿನವರು. ಆಮೇಲೆ ನಮ್ಮಿಬ್ಬರ ಮಾತೆಂದರೆ ತುಳು, ಕನ್ನಡ ಎರಡರ ಕಲಸುಮೇಲೋಗರ. ಪ್ರೊಡ್ಯೂಸರ್ ಅದನ್ನು ತಾಂತ್ರಿಕ ಚರ್ಚೆ ಎಂದೇ ನಂಬಿದ್ದ.

ಮೊದಲನೇ ಮೈಕಿನಲ್ಲಿ ಕೂರುತ್ತಿದ್ದವರು ಒಬ್ಬ ವಯಸ್ಸಾದ ಅಮೆರಿಕದವರು. ನಾವಿಬ್ಬರೂ ಅವರನ್ನು ಅಜ್ಜ ಎನ್ನುತ್ತಿದ್ದೆವು. ಹಿಂದಿನಿಂದ ಹೇಳುತ್ತಿದ್ದದ್ದು ಕ್ರಮೇಣ ಎದುರಿಗೇ ಬಂತು. ಅರ್ಥ ತಿಳಿದ ಮೇಲೆ ಅಜ್ಜ ಬೇಸರಪಡಲಿಲ್ಲ. ಹುಡುಗಪ್ರಾಯದಲ್ಲಿ ಸಣ್ಣ ಊರಿನ ರೇಡಿಯೋದಲ್ಲಿ ಆಟದ ವಿವರ ಓದಲು ಶುರು ಮಾಡಿ, ಬಸ್ಸಿನಲ್ಲಿ ಟೀಮುಗಳ ಹಿಂದೆ ಅಲೆದು, ಕೊನೆಗೆ ಟೀವಿಗೆ ಏರಿದವರು. ಒಂದು ಟೀಮಿನ ಸ್ವರವೇ ಅವರು ಎಂಬಷ್ಟು ವರ್ಷ ಹೇಳಿದ ಮೇಲೆ, ಒಂದು ದಿನ ಅವರ ಕುರ್ಚಿಗೆ ಆಡಿ ನಿವೃತ್ತನಾದ ಚಂದದ ಮುಖದ ಹುಡುಗನೊಬ್ಬ ಬಂದನಂತೆ. ಹಾಗೆ ಈ ಮರಳುಗಾಡಿಗೆ. ಮೈದಾನ ಎಲ್ಲೋ, ನಾವು ಎಲ್ಲೋ. ಕಿಟಕಿಯಿಲ್ಲದ ಒಂದು ರೂಮಿನಲ್ಲಿ ಟೀವಿ ನೋಡಿಕೊಂಡು ಹೇಳುವ ಕಾಮೆಂಟರಿ. ಅದಕ್ಕೂ ಅಜ್ಜ ದಿನಾ ಟೈ ಕಟ್ಟಿಕೊಂಡು ಬರುತ್ತಿದ್ದರು.

ಈ ಕೆಲಸದಲ್ಲಿ ಒಂದು ಕ್ರಮವುಂಟು. ಚೆಂಡು ಓಡುತ್ತಿರುವಾಗ ಮೊದಲನೇ ಮೈಕಿನವರದ್ದೇ ಮಾತು. ಚೆಂಡು ನಿಂತ ಮೇಲೆ ಅವರು ಬಾಯಿ ಮುಚ್ಚಿ ಸ್ವಲ್ಪ ಜಾಗ ಬಿಡಬೇಕು. ಆ ಜಾಗದಲ್ಲಿ ಎರಡನೆಯವರು ಯಾಕೆ ಹಾಗಾಯಿತು ಎಂದು ಹೇಳಿ ಮುಗಿಸಬೇಕು. ಮುಂದಿನ ಚೆಂಡು ಕೈ ಬಿಡುವ ಮೊದಲು ಮುಗಿಸಬೇಕು. ಯಾರೂ ಯಾರಿಗೂ ಸನ್ನೆ ಮಾಡುವುದಿಲ್ಲ. ಅಜ್ಜ ಟೀಚರ ಉಸಿರು ಕೇಳಿಯೇ ಜಾಗ ಬಿಡುತ್ತಿದ್ದರು. ಅವರು ಉಸಿರು ಎಳೆದರೆಂದರೆ ಮಾತು ಬಂತು ಎಂದು ಅಜ್ಜನಿಗೂ ಗೊತ್ತು, ನನಗೂ ಗೊತ್ತು. ಗಂಡ ಹೆಂಡತಿಯರ ನಡುವೆಯೂ ಅಷ್ಟು ಹೊಂದಾಣಿಕೆ ಇರುವುದನ್ನು ನಾನು ಕಂಡಿಲ್ಲ. ನನ್ನ ಮನೆಯಲ್ಲಂತೂ ಇಲ್ಲ.

ಮೊದಲ ಸೀಸನ್ನಿನಲ್ಲಿ ಅವರಿಬ್ಬರ ನಡುವೆ ಜಗಳ ಆದದ್ದು ಒಂದೇ ಸಲ. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಎನ್ನುತ್ತಾರೆ. ಇಡೀ ಆಟದಲ್ಲಿ ಅವನ ಚೆಂಡಿಗೆ ಎದುರಾಳಿಗಳು ಒಂದೂ ಸರಿಯಾದ ಹೊಡೆತ ಹೊಡೆಯದೇ ಹೋದರೆ ಅದು ಬಹಳ ಅಪರೂಪದ ಸಾಧನೆ. ಆದರೆ ಅದು ಮುಗಿಯುವ ತನಕ ಯಾರೂ ಅದರ ಸುದ್ದಿ ಎತ್ತಬಾರದಂತೆ. ಎತ್ತಿದರೆ ಕೆಡುತ್ತದಂತೆ. ಜೊತೆಯ ಆಟಗಾರರು ಆ ಪಿಚರಿನ ಪಕ್ಕ ಕೂರುವುದೂ ಇಲ್ಲವಂತೆ. ದೃಷ್ಟಿ ತಾಗುವುದು ನಮ್ಮ ಊರಿನಲ್ಲಿ ಮಾತ್ರ ಎಂದುಕೊಂಡಿದ್ದೆ, ಅಮೆರಿಕದಲ್ಲೂ ಉಂಟು! ಒಂದು ಮಧ್ಯಾಹ್ನ ಅಂಥದೇ ಆಟ ನಡೆಯುತ್ತಿತ್ತು. ಅಜ್ಜ ಸುತ್ತಿ ಬಳಸಿ ಏನೇನೋ ಹೇಳುತ್ತಿದ್ದರು, ಆ ಒಂದು ವಿಷಯ ಬಿಟ್ಟು. ಟೀಚರ್ ತಡೆದುಕೊಳ್ಳಲಾರದೆ ನನಗೆ ಮಾತ್ರ ಕೇಳುವ ಗುಂಡಿ ಒತ್ತಿದರು.

"ಈ ಅಜ್ಜನಿಗಿಂತ ನನ್ನ ಅತ್ತೆಯೇ ವಾಸಿ ಮಾರಾಯ. ಅವರು ದೃಷ್ಟಿ ಆಗ್ತದೆ ಅಂತ ಯಾರದ್ದಾದ್ರೂ ಮಗುವಿನ ತೂಕ ಹೇಳ್ಲಿಕ್ಕೆ ಮಾತ್ರ ಬಿಡ್ತಿರ್ಲಿಲ್ಲ. ಈಗ ಟೀವಿ ಹಾಕಿದವನಿಗೆ ಇಲ್ಲಿ ಎಂತ ನಡೀತಾ ಉಂಟು ಅಂತ ಯಾರು ಹೇಳುದು?"

ಮತ್ತೆ ಉಸಿರು ಎಳೆದರು. ಅಜ್ಜ ಅಭ್ಯಾಸದಂತೆ ಜಾಗ ಬಿಟ್ಟರು. ಟೀಚರ್ ಇಡೀ ಏಷ್ಯಾಕ್ಕೆ ಕೇಳುವಂತೆ ಹೇಳಿಬಿಟ್ಟರು, ಈ ಹುಡುಗ ಇಷ್ಟು ಹೊತ್ತು ಒಂದೂ ಹೊಡೆತಕ್ಕೆ ಅವಕಾಶ ಕೊಟ್ಟಿಲ್ಲ, ಎದ್ದು ಹೋಗಬೇಡಿ ಎಂದು. ಮರುಚೆಂಡನ್ನು ಎದುರಾಳಿ ಹೊಡೆದ, ಅದು ಮೈದಾನದ ಗೋಡೆಗೆ ಹೋಗಿ ಬಡಿಯಿತು.

ಅಜ್ಜ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಕೆಲವು ದಿನ ಆಟ ಬಿಟ್ಟು ಬೇರೆ ಮಾತೇ ಆಡಲಿಲ್ಲ. ನೋಡುಗರು ಫೋನಿನಲ್ಲಿ ಬರೆದ ಬೈಗುಳವನ್ನು ಇಲ್ಲಿ ಬರೆಯಲಾಗದು. ಟೀಚರಿಗೆ ಅದೊಂದೂ ತಟ್ಟಲಿಲ್ಲ. "ನಾನು ದೋಹಾದಲ್ಲಿ ಹೇಳಿದ್ದು ಅಲ್ಲಿ ಬ್ಯಾಟಿಗೆ ಕೇಳಿತಾ? ಬಾಯಲ್ಲಿ ಹೇಳಿದ್ದೆಲ್ಲ ಆಗುದಾದ್ರೆ ನಮ್ಮ ಯಜಮಾನ್ರಿಗೆ ಯಾವಾಗ್ಲೋ ಪ್ರಮೋಷನ್ ಆಗ್ಬೇಕಿತ್ತು" ಎಂದು ಕ್ಯಾಂಟೀನಿನಲ್ಲಿ ನಕ್ಕರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಾನು ಕೆಣಕಿದೆ. "ಬಂಗಾರ ಲಾಕರಿನಲ್ಲಿಡ್ಲಿಕ್ಕೆ, ದಿನಾ ಉಪಯೋಗಕ್ಕೆ ಬೆಳ್ಳಿಯೇ" ಎಂದರು.

ಎರಡನೇ ಸೀಸನ್ನಿಗೆ ಪಂದ್ಯಗಳು ವಾರವಿಡೀ ಆದವು. ಟೀಚರ್ ಶಾಲೆಯ ಕೆಲಸ ಬಿಟ್ಟರು. ಗಂಡ ಬೇಡವೆಂದಿದ್ದರಂತೆ. ಆಡಿದವರ, ಅದೂ ಗಂಡಸರ, ಅದೂ ದೊಡ್ಡ ಲೀಗಿನಲ್ಲಿ ಆಡಿದವರ ಜಾಗ ಅದು. ಅಲ್ಲಿ ಸುರತ್ಕಲ್ಲಿನ ಒಬ್ಬ ಪಿ.ಟಿ. ಟೀಚರ್ ಕೂತಿದ್ದಾರೆಂದರೆ ಅದು ಸೀಸನ್ನಿಂದ ಸೀಸನ್ನಿಗೆ ಸಿಗುವ ಜಾಗ. ಯಾರ ಕಣ್ಣೂ ಅದರ ಮೇಲೆ ಬೀಳಬಹುದು. ಇದು ಟೀಚರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆ ಸೀಸನ್ನಿನ ನಡುವೆ ಅವರ ಸ್ವರದಲ್ಲಿ ಏನೋ ಬಂತು. ನೆಗಡಿಯಲ್ಲ. ನೆಗಡಿ ಬಂದು ಹೋಗುತ್ತದೆ. ಇದು ಕೂತುಕೊಂಡಿತ್ತು. ವಾಕ್ಯದ ಕೊನೆಯಲ್ಲಿ ಹರಿದ ಬಟ್ಟೆಯ ಅಂಚಿನ ಹಾಗೆ ಒಂದು ಸೀಳು. ಸ್ಪಂಜಿನಲ್ಲಿ ಜೇಷ್ಠಮಧುವಿನ ವಾಸನೆ ಹೆಚ್ಚಾಯಿತು. ನಾನು ನೇರವಾಗಿಯೇ ಹೇಳಿದೆ. "ಏಸಿ ಮಾರಾಯ, ಮತ್ತೆ ಈ ಧೂಳು" ಎಂದರು. ಇನ್ನೊಮ್ಮೆ ಹೇಳಿದೆ. ಈ ಸಲ ಮುಖ ಗಂಟಿಕ್ಕಿತು.

"ಇದನ್ನು ಯಾರ ಹತ್ರವೂ ಹೇಳ್ಬೇಡ, ಆಯ್ತಾ?"

ಎಲ್ಲವನ್ನೂ ಹೇಳಿಯೇ ಬಿಡಬೇಕು ಎನ್ನುತ್ತಿದ್ದವರ ಬಾಯಲ್ಲಿ ಈ ಮಾತು! ನನಗೆ ಸಿಟ್ಟು ಬಂತು. ಆದರೆ ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ನನಗೆ ಗೊತ್ತಿರುವ ದಾರಿ ಒಂದೇ. ಒಂದು ದಿನ ಆಟ ಮುಗಿದ ಮೇಲೆ ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿಸಿದೆ. ಮೊದಲ ಸೀಸನ್ನಿನಲ್ಲಿ ಅವರು ನೋಡುಗರಿಗೆ ನಮಸ್ಕಾರ ಹೇಳಿದ್ದನ್ನು ಕೇಳಿಸಿದೆ. ಅದರ ಬೆನ್ನಿಗೇ ಹಿಂದಿನ ದಿನ ಅದನ್ನೇ ಹೇಳಿದ್ದನ್ನು ಕೇಳಿಸಿದೆ. ಅವರು ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದರು. ಹಾಕಿದೆ. ಹೆಡ್‌ಫೋನ್ ತೆಗೆದು, ವಯರನ್ನು ಅಚ್ಚುಕಟ್ಟಾಗಿ ಸುತ್ತಿ ಮೇಜಿನ ಮೇಲಿಟ್ಟರು. ಆ ವಾರವೇ ಆಸ್ಪತ್ರೆಗೆ ಹೋದರು.

ಗಂಟಲಿನಲ್ಲಿ ಗಡ್ಡೆ. ಮಾತು ಇವತ್ತೇ ನಿಲ್ಲಿಸಿ, ಆಪರೇಷನ್ ಬೇಗ ಆಗಬೇಕು, ಆಮೇಲೆ ಸ್ವರ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದರಂತೆ ಡಾಕ್ಟರು. ಟೀಚರ್ ಇದನ್ನು ನನಗೆ ಪಾರ್ಕಿಂಗಿನಲ್ಲಿ ನಿಂತು ಹೇಳಿದರು. ಹೇಳಿ, ಸೀಸನ್ ಮುಗಿಸಿಯೇ ಊರಿಗೆ ಹೋಗುತ್ತೇನೆ ಎಂದರು. ನನಗೆ ಕೂಗಾಡುವಷ್ಟು ಸಿಟ್ಟು, ಹೆದರಿಕೆ.

"ಹುಚ್ಚಾ ಟೀಚರ್ ನಿಮಗೆ? ದುಖಾನಲ್ಲಿರುವ ಅಣ್ಣನಿಗೆ ಗೊತ್ತುಂಟಾ?"

"ಗೊತ್ತುಂಟು. ಅವರೂ ನಿನ್ನ ಹಾಗೆಯೇ ಬೊಬ್ಬೆ ಹಾಕಿದ್ರು. ಆಪರೇಷನ್ ಆದ್ಮೇಲೆ ಸ್ವರ ಹೇಗೂ ಹೋಗುದು. ಇರುವಷ್ಟು ದಿನ ಹೇಳ್ತೇನೆ."

ಅಜ್ಜನಿಗೆ ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆಯುಸ್ಸಿಡೀ ಪಕ್ಕದವರ ಉಸಿರು ಕೇಳುತ್ತ ಮಾತಾಡಿದ ಮನುಷ್ಯ. ಒಂದು ದಿನ ಟೀಚರ್ ನೀರು ತರಲು ಎದ್ದುಹೋದಾಗ, ಗಾಜಿನ ಆಚೆಯಿಂದ ನನ್ನನ್ನು ನೋಡಿ ತಮ್ಮ ಗಂಟಲನ್ನು ಎರಡು ಬೆರಳಿನಿಂದ ಮುಟ್ಟಿ ತೋರಿಸಿದರು. ನಾನು ತಲೆ ತಗ್ಗಿಸಿದೆ.

ಮಾರನೆಯ ದಿನದಿಂದ ಅಜ್ಜ ಜಾಗ ಬಿಡುವುದನ್ನು ನಿಲ್ಲಿಸಿದರು.

ಚೆಂಡು ನಿಂತರೂ ಅವರು ನಿಲ್ಲುತ್ತಿರಲಿಲ್ಲ. ಆಟ ಹೇಳುತ್ತಿದ್ದರು, ವಿಶ್ಲೇಷಣೆಯನ್ನೂ ತಾವೇ ಹೇಳುತ್ತಿದ್ದರು, ಅದೂ ಮುಗಿದರೆ ಹಳೆಯ ಕಾಲದ ಕತೆ ಹೇಳುತ್ತಿದ್ದರು. ಟೀಚರ್ ಉಸಿರು ಎಳೆಯುವುದು ನನಗೆ ಕೇಳುತ್ತಿತ್ತು. ಅಜ್ಜನಿಗೂ ಕೇಳುತ್ತಿತ್ತು. ಆದರೂ ಮಾತು ಮಾತಿನ ಮೇಲೆ ಬೀಳುತ್ತಿತ್ತು. ಎಳೆದ ಉಸಿರು ಸುಮ್ಮನೆ ಹೊರಗೆ ಹೋಗುತ್ತಿತ್ತು. ಅಷ್ಟು ವಯಸ್ಸಿನಲ್ಲಿ ಒಬ್ಬರೇ ಎರಡು ಮೈಕಿನ ಕೆಲಸ ಮಾಡಿ, ಆಟ ಮುಗಿಯುವಾಗ ಅಂಗಿ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಟೀಚರ ಸ್ವರಕ್ಕೆ ವಿಶ್ರಾಂತಿ ಕೊಡಬೇಕೆಂದು ಅವರು ಕಂಡುಕೊಂಡ ಉಪಾಯ ಇದು. ಕಾಯಿಲೆಯ ಹೆಸರು ಬಾಯಲ್ಲಿ ಎತ್ತದೆ, ಎದುರು ಕೂತು ಒಂದು ಮಾತು ಕೇಳದೆ...

ಟೀಚರಿಗೆ ಅದು ಅವಮಾನ. ನೀರಿನ ಬಾಟಲಿಯನ್ನು ಮೇಜಿಗೆ ಕುಕ್ಕಿ ನನಗೆ ಮಾತ್ರ ಕೇಳುವ ಗುಂಡಿ ಒತ್ತಿದರು. "ನೋಡಿದ್ಯಾ? ನನ್ನನ್ನು ಓಡಿಸಿ ಇವರ ಊರಿನ ಪ್ಲೇಯರನ್ನು ತಂದು ಕೂರಿಸ್ಲಿಕ್ಕೆ!"

"ಅವರು ನಿಮ್ಮ ಒಳ್ಳೇದಕ್ಕೇ ಮಾಡುದು ಟೀಚರ್."

"ಒಳ್ಳೇದು ಮಾಡುವವ ಮುಖ ನೋಡಿ ಹೇಳ್ಬೇಕು."

ಸೀಸನ್ ಮುಗಿಯಲು ಇನ್ನೂ ಕೆಲವು ಪಂದ್ಯಗಳಿದ್ದವು. ಒಂದು ಆಟದ ನಡುವೆ, ಚೆಂಡು ನಿಂತಾಗ, ಟೀಚರ್ ಉಸಿರು ಎಳೆದರು. ಅಜ್ಜ ನಿಲ್ಲಲಿಲ್ಲ. ಟೀಚರ್ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಸರಿಯಾಗಿ ಒಳಗೆ ತಳ್ಳಿ, ಬಾಗಿಲು ತೆರೆದು ಹೊರಗೆ ಹೋದರು. ನಾನು ಎದ್ದು ಓಡುವ ಹಾಗಿರಲಿಲ್ಲ, ಆಟ ಲೈವ್ ಹೋಗುತ್ತಿತ್ತು. ಅಜ್ಜ ಕೊನೆಯ ತನಕ ಒಂದು ಕ್ಷಣವೂ ಬಿಡದೆ ಮಾತಾಡಿದರು. ಸ್ವರ ನಡುಗುತ್ತಿದ್ದುದು ನನ್ನ ಮೀಟರಿನ ಮುಳ್ಳಿನಲ್ಲಿ ಕಾಣುತ್ತಿತ್ತು.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ದೋಹಾದ ಮನೆ ಖಾಲಿ ಮಾಡಿ ಟೀಚರ್ ಗಂಡನ ಜೊತೆ ದುಖಾನಿನ ಕಂಪೆನಿ ಕ್ವಾರ್ಟರ್ಸಿನಲ್ಲಿ ಉಳಿದರು. ಅಜ್ಜನ ಕಾಂಟ್ರ್ಯಾಕ್ಟೂ ಮರುವರ್ಷ ಮುಗಿಯಿತು. ಹೊರಡುವ ಮೊದಲು ಬಂದು ನನ್ನ ಕೈ ಹಿಡಿದುಕೊಂಡರು. ಒಮ್ಮೆ ದುಖಾನಿಗೆ ಹೋಗಿ ಯಾಕೆ ಜಾಗ ಬಿಡಲಿಲ್ಲವೆಂದು ಟೀಚರಿಗೆ ನೀವೇ ಹೇಳಿ, ನಾನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಕೆಲವು ಮಾತುಗಳನ್ನು ಹೇಳಿದರೆ ಅವು ನಿಜವಾಗಿಬಿಡುತ್ತವೆ, ಅದಕ್ಕೇ ಅವತ್ತೂ ಹೇಳಲಿಲ್ಲ ಎಂದರು. ನಾನು ಹಿರಿಯರೆಂದು ನೋಡಲಿಲ್ಲ. "ಹೇಳದಿದ್ದರೂ ನಿಜವಾಯಿತಲ್ಲ!" ಎಂದುಬಿಟ್ಟೆ. ಅವರು ಟೈ ಸರಿಪಡಿಸಿಕೊಂಡು ಹೊರಟರು.

ಆಮೇಲೆ ನಾನೇ ಒಂದು ಶುಕ್ರವಾರ ದುಖಾನಿಗೆ ಹೋದೆ. ಟೀಚರ್ ಬಡವಾಗಿದ್ದರು, ಕತ್ತಿಗೆ ತೆಳುವಾದ ಶಾಲು. ನೀರ್ ದೋಸೆ ಮಾಡಿದ್ದರು. ಬೇಕಾ, ಸಾಕಾ ಎಂದು ಕಣ್ಣಲ್ಲೇ ಕೇಳಿದರು. ಅಜ್ಜ ಯಾಕೆ ಹಾಗೆ ಮಾಡಿದರು ಎಂಬುದನ್ನು ನಾನು ಮೊದಲಿನಿಂದ ಕೊನೆಯ ತನಕ ಬಿಡಿಸಿ ಹೇಳಿದೆ. ಹೇಳಿದರೆ ಅವರ ಮನಸ್ಸು ಹಗುರವಾದೀತು ಎಂದುಕೊಂಡಿದ್ದೆ. ಅವರು ಫೋನ್ ತೆಗೆದು ಟೈಪ್ ಮಾಡಿ ನನ್ನ ಕಡೆ ತಿರುಗಿಸಿದರು.

"ಗೊತ್ತಿತ್ತು ಮಾರಾಯ. ಪಕ್ಕದಲ್ಲೇ ಕೂತವಳಿಗೆ ಗೊತ್ತಾಗುದಿಲ್ವಾ? ಮೊದಲೆರಡು ದಿನ ತಪ್ಪು ತಿಳ್ಕೊಂಡೆ. ಆಮೇಲೆ ಗೊತ್ತಾಯ್ತು."

ಮತ್ತೆ ಯಾಕೆ ಎದ್ದು ಹೋದಿರಿ ಎಂದು ಕೇಳಿದೆ. ಈ ಸಲ ಬಹಳ ಹೊತ್ತು ಟೈಪ್ ಮಾಡಿದರು. ಅಳಿಸಿ ಮತ್ತೆ ಮಾಡಿದರು.

"ಮಾತಾಡ್ಲಿಕ್ಕೆ ಬಿಡದೆ ನನ್ನ ಸ್ವರ ಉಳಿಸ್ಲಿಕ್ಕೆ ನೋಡಿದ್ರು. ಈಗ ಉಳಿದದ್ದು ಯಾವುದು ಹೇಳು? ನಂಗೆ ಇದ್ದದ್ದೇ ಅಷ್ಟು ದಿನ. ಅದು ನನ್ನದು. ಅದನ್ನು ಮಾತಾಡಿ ಖರ್ಚು ಮಾಡ್ಬೇಕಿತ್ತು ನಂಗೆ."

ಅಡುಗೆಮನೆಯಲ್ಲಿ ಅವರ ಗಂಡ ಚಹಾಕ್ಕೆ ಇಟ್ಟ ನೀರು ಕುದಿಯುತ್ತಿತ್ತು. ಟೀಚರ್ ಎದ್ದು ಹೋಗಿ ಗ್ಯಾಸ್ ಸಣ್ಣ ಮಾಡಿ ಬಂದರು. ಅಜ್ಜನ ಮೇಲೆ ಸಿಟ್ಟಾಗಬೇಕೋ, ಟೀಚರ ಹಟದ ಮೇಲೆ ಆಗಬೇಕೋ ನನಗೆ ಆವತ್ತು ತಿಳಿಯಲಿಲ್ಲ. ಪ್ರೀತಿ ಇದ್ದವರೇ ಅವರ ಬಾಯಿ ಕಟ್ಟಿದರು ಎನ್ನುವುದು ಈಗಲೂ ನನ್ನನ್ನು ಕೊರೆಯುತ್ತದೆ.

ಹೋದ ವರ್ಷ ಗಡ್ಡೆ ಮತ್ತೆ ಬಂತು. ಈ ಸಲ ಊರಿಗೆ ಹೋದವರು ಹಿಂದೆ ಬರಲಿಲ್ಲ...

ಜೇಷ್ಠಮಧುವಿನ ವಾಸನೆ ಬಂದ ಆ ವಾರವೇ ಮನಸ್ಸು ತಡೆಯದೆ ದುಖಾನಿಗೆ ಹೋದೆ. ಟೀಚರ ಗಂಡ ಅದೇ ಕ್ವಾರ್ಟರ್ಸಿನಲ್ಲಿದ್ದಾರೆ. ರಿಟೈರ್ ಆಗಲು ಇನ್ನೂ ಸಮಯವಿದೆ. ಟೀವಿಯಲ್ಲಿ ಬೇಸ್‌ಬಾಲ್ ನಡೆಯುತ್ತಿತ್ತು, ಸೌಂಡ್ ಇಲ್ಲದೆ. ಈಗಿನ ಕಾಮೆಂಟರಿಯವರ ಮಾತು ತಮಗೆ ತಲೆಗೆ ಹೋಗುವುದಿಲ್ಲ ಎಂದರು.

"ಅವಳು ಮೈಕಿನಲ್ಲಿ ಮಾತಾಡುವಾಗ ನಾನು ಸೈಟಿನಲ್ಲಿರ್ತಿದ್ದೆ, ಒಂದು ಮ್ಯಾಚೂ ಕೇಳಿದ್ದಿಲ್ಲ. ಇಲ್ಲಿಗೆ ಬಂದ ಮೇಲೆ ಇಬ್ಬರೂ ಒಟ್ಟಿಗೆ ನೋಡ್ತಿದ್ದೆವು. ನಾನು ಕೇಳುದು, ಅವಳು ಫೋನಲ್ಲಿ ಟೈಪ್ ಮಾಡಿ ತೋರಿಸುದು. ನಾನು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಇನ್ನೊಂದು ಬಾಲ್ ಆಗಿರ್ತಿತ್ತು."

ನಕ್ಕರು. ನಾನೂ ನಕ್ಕೆ. ಟೀವಿಯಲ್ಲಿ ಯಾರೋ ಚೆಂಡನ್ನು ಆಕಾಶಕ್ಕೆ ಹೊಡೆದ. ಇನ್ನೊಬ್ಬ ಓಡಲು ಶುರು ಮಾಡಿದ. ದೂರದಲ್ಲಿ ಒಬ್ಬ ಚೆಂಡನ್ನು ಹಿಡಿದ. ಓಡುತ್ತಿದ್ದವನು ಅರ್ಧ ದಾರಿಯಲ್ಲಿ ತಿರುಗಿ ಬಂದ ಜಾಗಕ್ಕೇ ಓಡಿದ.

"ಅವ ಯಾಕೆ ವಾಪಸ್ ಹೋದ?" ಎಂದು ಕೇಳಿದರು. "ನೀನು ಅವಳ ಒಟ್ಟಿಗೆ ಇದ್ದವನಲ್ವಾ, ನಿಂಗೆ ಗೊತ್ತಿರ್ತದೆ."

ಟೀಚರ್ ಇದನ್ನು ಎಷ್ಟು ಸಲ ಹೇಳಿದ್ದರೋ. ಹೇಳುವ ಮೊದಲು ಅವರು ಎಳೆಯುತ್ತಿದ್ದ ಉಸಿರು ನನಗೆ ಈಗಲೂ ಕೇಳುತ್ತದೆ. ಯಾವ ಪದದಲ್ಲಿ ಸ್ವರ ಏರುತ್ತದೆ, ಅದನ್ನು ತಗ್ಗಿಸಲು ಎಲ್ಲಿ ನಾನು ಬೆರಳು ಕೆಳಗೆಳೆಯಬೇಕು, ಎಲ್ಲಿ ನಗು ಬರುತ್ತದೆ ಎಲ್ಲ ನೆನಪಿದೆ. ಎರಡು ಸೀಸನ್ ಅವರ ಸ್ವರದ ಏರಿಳಿತವನ್ನೇ ಗಮನಿಸಿದೆ, ಅವರು ಹೇಳಿದ್ದನ್ನು ಕೇಳಲೇ ಇಲ್ಲ.

ಟೀಚರ ಗಂಡ ನನ್ನ ಮುಖವನ್ನೇ ನೋಡುತ್ತ ಕಾದಿದ್ದರು.

"ಗೊತ್ತಿಲ್ಲ ಅಣ್ಣ" ಎಂದೆ.